ಧಣಿಯ ತಂಡವಲ್ಲ, ಊರಿನ ತಂಡ

ಮಂಗಳೂರಿಗೆ ತನ್ನದೇ ಆದ ಒಂದು ವೃತ್ತಿಪರ ಕಾಲ್ಚೆಂಡಿನ ತಂಡ ಬೇಕು. ಅದು ಕೆಳಗಿನ ದರ್ಜೆಯಿಂದಲೇ ಆರಂಭವಾಗಲಿ; ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ತಂಡ ಕಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕು. ಆ ತಂಡ ಯಾರದು? ಒಬ್ಬ ಧಣಿಯದೋ, ಊರಿನದೋ? ಇದನ್ನು ಬದಿಗಿಟ್ಟು ಅಂಗಿಯ ಬಣ್ಣ ಯಾವುದಿರಬೇಕೆಂದು ಚರ್ಚಿಸುವುದು ಪಂಚಾಂಗ ಹಾಕದೆ ಹೆಂಚು ಹೊದಿಸಲು ಹೊರಟಂತೆ.

ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಏಕೆ ಎಂದು ಕೆಲವು ಓದುಗರು ಕೇಳಬಹುದು. ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೆ ಕೂಲಿ ಸಾಲದು, ಬೀಡಿ ಕಟ್ಟುವವಳಿಗೆ ಕೆಲಸ ಸಾಲದು, ಸಣ್ಣ ಅಂಗಡಿಯವನಿಗೆ ವ್ಯಾಪಾರ ಸಾಲದು; ಇಂಥಲ್ಲಿ ಆಟವೇ? ಪ್ರಶ್ನೆ ನ್ಯಾಯವಾದುದೇ. ಆದರೆ ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದ ಕಾರ್ಮಿಕರು ಎಂಟು ಗಂಟೆಯ ಬಿಡುವನ್ನೂ ಕೇಳಿದ್ದರು ಎಂಬುದನ್ನು ಮರೆಯಬಾರದು. ಆ ಬಿಡುವು ಯಾರ ವಶದಲ್ಲಿರಬೇಕು ಎಂಬುದು ಕೂಲಿಯಷ್ಟೇ ದೊಡ್ಡ ಪ್ರಶ್ನೆ.

ಕಾಲ್ಚೆಂಡು ಹುಟ್ಟಿನಿಂದ ಸಿರಿವಂತರ ಸೊತ್ತಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1878ರಲ್ಲಿ ಕಟ್ಟಿದವರು ರೈಲ್ವೆ ಕಾರ್ಮಿಕರು. ಆರ್ಸೆನಲ್ ತಂಡವನ್ನು 1886ರಲ್ಲಿ ಕಟ್ಟಿದವರು ಲಂಡನ್ನಿನ ಶಸ್ತ್ರಾಸ್ತ್ರ ಕಾರ್ಖಾನೆಯ ಕಾರ್ಮಿಕರು. ಇಂದು ಆ ಎರಡು ತಂಡಗಳ ಒಡೆತನದ ದೊಡ್ಡ ಪಾಲು ಅಮೆರಿಕದ ಧನಿಕ ಕುಟುಂಬಗಳ ಕೈಯಲ್ಲಿದೆ. ಕಾರ್ಮಿಕನು ಕಟ್ಟಿದ್ದನ್ನು ಬಂಡವಾಳಗಾರನು ಕೊಂಡ, ಅಷ್ಟೆ. ನಮ್ಮಲ್ಲಿಯೂ ಈ ಆಟವನ್ನು ಜೀವಂತವಾಗಿಟ್ಟವರು ಕಸಬಾ ಬೆಂಗ್ರೆ, ಬಂದರು, ಉಳ್ಳಾಲಗಳ ಮನೆಗಳ ಹುಡುಗರು. ನೆಹರೂ ಮೈದಾನದ ಕೆಸರಿನಲ್ಲಿ ಜಾರಿ ಬಿದ್ದು ಎದ್ದು ಆಡುವವರು. ಅವರಿಗೆ ಆಟ ಗೊತ್ತಿದೆ. ಆಟದಿಂದ ಅನ್ನ ಹುಟ್ಟುವ ದಾರಿ ಮಾತ್ರ ಊರಿನಲ್ಲಿ ಕಾಣದು.

ರಾಜ್ಯದಲ್ಲಿ ಪ್ರತಿಭೆಗೆ ಬರವಿಲ್ಲ. ಅಂದಿನ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. 1968-69ರ ಆ ಕೊನೆಯ ಗೆಲುವಿನ ನಂತರ 54 ವರ್ಷ ಕಾದ ಕರ್ನಾಟಕ, 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮತ್ತೆ ತಂದಿತು. ಆದರೆ ಟ್ರೋಫಿ ಎತ್ತಿದ ಕೈಗಳಿಗೆ ಮರುದಿನದ ಕೆಲಸ ಬೇಕಲ್ಲ?

ಧಣಿಯ ತಂಡದ ಗತಿಯೇನು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಪಂಜಾಬಿನ ಫಗ್ವಾರದ ಜೆ.ಸಿ.ಟಿ. ಬಟ್ಟೆ ಮಿಲ್ಲಿನ ತಂಡ 1996-97ರಲ್ಲಿ ಭಾರತದ ಮೊತ್ತಮೊದಲ ರಾಷ್ಟ್ರೀಯ ಲೀಗನ್ನು ಗೆದ್ದಿತು. 2011ರಲ್ಲಿ ಮಿಲ್ಲಿನ ಆಡಳಿತ ಆ ತಂಡವನ್ನೇ ಮುಚ್ಚಿತು. ನೆರೆಯ ಕೇರಳದಲ್ಲಿ 1997ರಲ್ಲಿ ಹುಟ್ಟಿದ ಎಫ್.ಸಿ. ಕೊಚ್ಚಿನ್, ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದು ಜನರನ್ನು ಹುಚ್ಚೆಬ್ಬಿಸಿತು; ಕೆಲವೇ ವರ್ಷಗಳಲ್ಲಿ ಹಣವಿಲ್ಲದೆ ಕಣ್ಮರೆಯಾಯಿತು. ನಮ್ಮದೇ ಬೆಂಗಳೂರು ಎಫ್.ಸಿ. 2013ರಲ್ಲಿ ದೊಡ್ಡ ಉಕ್ಕಿನ ಕಂಪೆನಿಯ ಹಣದಿಂದ ಆರಂಭವಾಗಿ ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ. 2025ರ ಆಗಸ್ಟಿನಲ್ಲಿ, ಲೀಗು ನಡೆಯುವುದೋ ಇಲ್ಲವೋ ಎಂಬ ಗೊಂದಲದ ನಡುವೆ, ಅಂಥ ತಂಡವೂ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಿತು. ಮೇಲಿನವರು ಕರಾರಿನ ಮಾತಿನಲ್ಲಿ ಜಗಳವಾಡಿದರೆ ಕೆಳಗಿನವನ ಒಲೆ ಆರುತ್ತದೆ. ಮಿಲ್ಲಿನ ಗೇಟಿಗೆ ಬೀಗ ಬಿದ್ದುದನ್ನು ಕಂಡವರಿಗೆ ಇದು ಹೊಸ ಕತೆಯಲ್ಲ.

ಈ ಜನರೆಲ್ಲ ದುಷ್ಟರೆಂದು ನಾವು ಹೇಳುತ್ತಿಲ್ಲ. ಒಬ್ಬನ ಚೀಲವನ್ನು ನಂಬಿದ ತಂಡ ಆ ಒಬ್ಬನ ಮನಸ್ಸು ಇರುವವರೆಗೆ ಮಾತ್ರ ಬದುಕುತ್ತದೆ ಎಂಬುದಿಷ್ಟೇ ನಮ್ಮ ವಾದ. ಕೆಳಗಿನ ದರ್ಜೆಯಲ್ಲಂತೂ ಇದು ಇನ್ನೂ ಕಠಿಣ. ಅಲ್ಲಿ ಟೆಲಿವಿಷನ್ನಿನ ಹಣವಿಲ್ಲ, ಸೋಲು ಹೆಚ್ಚು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರಲ್ಲಿ ಮೂರನೆಯ ದರ್ಜೆಯನ್ನು ಗೆದ್ದು ಮೇಲೇರಿ, ಮರುವರ್ಷವೇ ಕೆಳಗಿಳಿಯಿತು. ಏಣಿಯೆಂದ ಮೇಲೆ ಹತ್ತುವುದೂ ಇಳಿಯುವುದೂ ಇದ್ದದ್ದೇ. ಇಳಿದ ವರ್ಷವೂ ಕೈಬಿಡದ ಒಡೆಯ ಬೇಕು. ಅಂಥ ಒಡೆಯ ಊರೊಂದೇ.

ಇದು ಕನಸಲ್ಲ. 2002ರಲ್ಲಿ ಲಂಡನ್ನಿನ ವಿಂಬಲ್ಡನ್ ತಂಡವನ್ನು ಅದರ ಮಾಲೀಕರು ಬೇರೆ ಊರಿಗೆ ಸಾಗಿಸಲು ಹೊರಟಾಗ, ಅಭಿಮಾನಿಗಳು ತಾವೇ ಹೊಸ ತಂಡ ಕಟ್ಟಿದರು. ಒಂಬತ್ತನೆಯ ದರ್ಜೆಯಲ್ಲಿ ಆರಂಭಿಸಿ 2011ರಲ್ಲಿ ಮೇಲಿನ ನಾಲ್ಕು ದರ್ಜೆಗಳ ಒಳಗೆ ಬಂದರು. ನಮ್ಮಂತೆಯೇ ಬಂದರಿನ ಊರಾದ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸೇಂಟ್ ಪೌಲಿ ತಂಡ 2024ರಲ್ಲಿ ಸಹಕಾರಿ ಸಂಘವೊಂದನ್ನು ಸ್ಥಾಪಿಸಿತು; 20,000ಕ್ಕೂ ಹೆಚ್ಚು ಮಂದಿ ಪಾಲು ಕೊಂಡು ಸದಸ್ಯರಾದರು.

ಅಷ್ಟು ದೂರದ ಮಾತೇಕೆ? ಹನಿಗೂಡಿಸಿ ಹಳ್ಳ ಮಾಡುವ ವಿದ್ಯೆಯನ್ನು ಕಲಿಸಿದ್ದೇ ಈ ಕರಾವಳಿ. 1925ರಲ್ಲಿ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಲ್ಲಿ ಸಂಗ್ರಹಿಸಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನೊಳಗೆ ವಿಲೀನವಾಯಿತು; ಆದರೆ ಪಿಗ್ಮಿ ಎಂಬ ಮಾತು ನಮ್ಮ ಅಂಗಡಿಗಳಲ್ಲಿ ಉಳಿದಿದೆ. ಅಡಿಕೆ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಅಡಿಕೆಗೆ ಆದದ್ದು ಕಾಲ್ಚೆಂಡಿಗೆ ಏಕಾಗಬಾರದು?

ಲೆಕ್ಕ ಹಾಕಿ ನೋಡೋಣ. 25 ಆಟಗಾರರಿಗೆ ತಿಂಗಳಿಗೆ 20,000 ರೂಪಾಯಿಯಂತೆ ಕೊಟ್ಟರೆ 5 ಲಕ್ಷ. ತರಬೇತುದಾರರು, ಪ್ರಯಾಣ, ಮೈದಾನ, ವೈದ್ಯರು, ಬೂಟು, ಚೆಂಡುಗಳಿಗೆ ಇನ್ನೊಂದು 5 ಲಕ್ಷ ಇಟ್ಟುಕೊಳ್ಳೋಣ. ತಿಂಗಳಿಗೆ ಒಟ್ಟು 10 ಲಕ್ಷ. ತಿಂಗಳಿಗೆ 100 ರೂಪಾಯಿ ಕೊಡುವ 10,000 ಸದಸ್ಯರಿದ್ದರೆ ಇದು ಸಾಧ್ಯ. ದಿನಕ್ಕೆ ಮೂರು ರೂಪಾಯಿ ಚಿಲ್ಲರೆ. 2011ರ ಜನಗಣತಿಯಂತೆ ಐದು ಲಕ್ಷದಷ್ಟು ಜನರಿರುವ ನಗರದಲ್ಲಿ ಐವತ್ತಕ್ಕೆ ಒಬ್ಬರು ಮುಂದೆ ಬಂದರೆ ಸಾಕು. ಟಿಕೆಟಿನ ಹಣ, ಜಾಹೀರಾತಿನ ಹಣ ಇದರ ಮೇಲಿನದು.

ಇಂಥ ತಂಡಕ್ಕೆ ಕೆಲವು ಕಟ್ಟಳೆಗಳು ಬೇಕು. ನೂರು ಪಾಲು ಕೊಂಡವನಿಗೂ ಒಂದೇ ಓಟು, ಒಂದು ಪಾಲು ಕೊಂಡವನಿಗೂ ಒಂದೇ ಓಟು. ಆಟಗಾರನೂ ಕಾರ್ಮಿಕನೇ, ಅವನಿಗೆ ನಿಗದಿತ ದಿನದಂದು ಸಂಬಳ, ಭವಿಷ್ಯನಿಧಿ, ಇ.ಎಸ್.ಐ. ಸೌಲಭ್ಯ ಸಿಗಬೇಕು. ಮೊಣಕಾಲು ಮುರಿದವನನ್ನು ಮನೆಗೆ ಕಳುಹಿಸಿ ಕೈತೊಳೆದುಕೊಳ್ಳಬಾರದು. ಹುಡುಗಿಯರಿಗೂ ತಂಡವಿರಬೇಕು. ಪಂದ್ಯದ ದಿನ ಮೈದಾನದ ಸುತ್ತ ಚಹಾ, ಚರುಮುರಿ ಮಾರುವ ಹಕ್ಕು ಊರಿನ ಸಣ್ಣ ವ್ಯಾಪಾರಿಗಳಿಗಿರಬೇಕು. ಒಂದೇ ದೊಡ್ಡ ಕಂಪೆನಿಗೆ ಗುತ್ತಿಗೆ ಕೊಡಬಾರದು. ತಿಂಗಳ ಜಮಾ ಖರ್ಚು ಎಲ್ಲರೂ ಓದುವಂತೆ ಕನ್ನಡದಲ್ಲಿ ಗೋಡೆಯ ಮೇಲೆ ಅಂಟಿರಬೇಕು.

ಸಹಕಾರಿ ಸಂಘಗಳೂ ಪುಢಾರಿಗಳ ಜಹಗೀರುಗಳಾಗಿಲ್ಲವೇ ಎಂಬ ಆಕ್ಷೇಪ ಉಂಟು. ಆಗಿವೆ, ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮಹಾಸಭೆಗೆ ಸದಸ್ಯರು ಬಾರದಿದ್ದಲ್ಲಿ ಪುಢಾರಿ ಬರುತ್ತಾನೆ. ಆದುದರಿಂದ ಯಾವ ಪಕ್ಷದ ಪದಾಧಿಕಾರಿಯೂ ಆಡಳಿತ ಮಂಡಲಿಯಲ್ಲಿ ಇರಬಾರದು. ಈ ನಿಯಮ ನಮ್ಮ ಪಕ್ಷಕ್ಕೂ ಅನ್ವಯಿಸಲಿ.

ಇನ್ನೊಂದು ಮಾತು. ಹೆಸರು ಕೇಳಿ ಮನುಷ್ಯನನ್ನು ಅಳೆಯುವ ರೋಗ ನಮ್ಮ ಜಿಲ್ಲೆಯನ್ನು ಬಹಳ ಕಾಲದಿಂದ ಕಾಡುತ್ತಿದೆ. ಒಂದು ಆಟದಿಂದ ಆ ರೋಗ ವಾಸಿಯಾಗದು. ಆದರೆ ಬೆಂಗ್ರೆಯ ಹುಡುಗ ಕೊಟ್ಟ ಚೆಂಡನ್ನು ಕುಲಶೇಖರದ ಹುಡುಗ ಗೋಲಿಗೆ ಹೊಡೆದಾಗ, ಅದಕ್ಕೆ ಪಾಲು ಹಾಕಿದ ಹತ್ತು ಸಾವಿರ ಮಂದಿ ಒಟ್ಟಿಗೆ ಕೂಗುವರು. ಆ ಕೂಗು ಈ ಊರಿಗೆ ಬೇಕಾಗಿದೆ.

ಕಾರ್ಮಿಕ ಸಂಘಗಳು, ವರ್ತಕರ ಸಂಘಗಳು, ವಠಾರದ ಯುವಕ ಮಂಡಲಗಳು ಒಂದೆಡೆ ಕೂತು ಈ ಲೆಕ್ಕವನ್ನು ಪರೀಕ್ಷಿಸಲಿ. ತಪ್ಪಿದ್ದರೆ ತಿದ್ದಲಿ. ಸರಿಯಿದ್ದರೆ ಮೊದಲ ನೂರು ರೂಪಾಯಿ ಜಮೆಯಾಗಲಿ. ಧಣಿ ಬರಲೆಂದು ಕಾಯುತ್ತ ಕುಳಿತರೆ ತಂಡವೂ ಅವನದಾಗುತ್ತದೆ, ನಾವು ಬರಿಯ ಚಪ್ಪಾಳೆಯ ಕೂಲಿಗಳಾಗುತ್ತೇವೆ.