ಮೊದಲು ನೋಡಲಿ, ಆಮೇಲೆ ಸೇರಲಿ

ಬಿತ್ತನೆಗೆ ಮುಂಚೆ 100 ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ಪರೀಕ್ಷಿಸುವುದು ನಮಗೆಲ್ಲ ಗೊತ್ತು. ಬೀಜಕ್ಕೆ ಇಷ್ಟು ಎಚ್ಚರ ವಹಿಸುವ ನಾವು, ಮಕ್ಕಳು ಎಸ್.ಎಸ್.ಎಲ್.ಸಿ. ಮುಗಿಸಿದಾಗ ಮಾತ್ರ ಪಕ್ಕದ ಮನೆಯ ಹುಡುಗ ಸೇರಿದ ಕಾಲೇಜಿಗೇ ಸೇರಿಸಿ ಸುಮ್ಮನಾಗುತ್ತೇವೆ.

ನಾನೂ ಹಾಗೆಯೇ ಮಾಡಿದವನು. ಹಿರಿಯ ಮಗನಿಗೆ ಯಂತ್ರಗಳೆಂದರೆ ಪ್ರಾಣ. ಪಂಪ್‌ಸೆಟ್ ಕೆಟ್ಟರೆ ಅವನೇ ಬಿಚ್ಚಿ ಜೋಡಿಸುತ್ತಿದ್ದ. ಆದರೂ ನಾನು ಹಟ ಹಿಡಿದು, ಒಂದು ಜೊತೆ ಎತ್ತು ಮಾರಿ, ಪಟ್ಟಣದಲ್ಲಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿಸಿದೆ. ಎರಡು ವರ್ಷ ಕಳೆದು, ನಪಾಸಾಗಿ ತಲೆ ತಗ್ಗಿಸಿ ಮನೆಗೆ ಬಂದ. ಅನಂತರ ಐ.ಟಿ.ಐ. ಕಲಿತು ಈಗ ನೆಮ್ಮದಿಯಾಗಿದ್ದಾನೆ. ತಪ್ಪು ಅವನದಲ್ಲ, ನನ್ನದು.

ಮಗಳ ವಿಷಯದಲ್ಲಿ ಎಚ್ಚೆತ್ತೆ. ಒಂಬತ್ತನೆಯ ತರಗತಿಯ ಬೇಸಿಗೆ ರಜೆಯಲ್ಲಿ ಪಶುವೈದ್ಯರನ್ನು ಕೇಳಿಕೊಂಡು ಕೆಲವು ದಿನ ಪಶು ಆಸ್ಪತ್ರೆಗೆ ಕಳುಹಿಸಿದೆ. ಹಾಲಿನ ಸಂಘದಲ್ಲಿ ಲೆಕ್ಕ ಬರೆಯುವುದನ್ನೂ ನೋಡಿಬಂದಳು. ಕೃಷಿ ಮೇಳದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನೇ ಮಾತನಾಡಿಸಿದಳು. ಕರು ಅಡ್ಡ ಸಿಕ್ಕ ಹಸುವಿನ ಹೆರಿಗೆಯ ಕಷ್ಟ ಕಂಡ ಮೇಲೂ ‘ಅಪ್ಪಾ, ನನಗೆ ಇದೇ ಬೇಕು’ ಎಂದಳು. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಬಿಟ್ಟವರಿಗೆ ಪಶುವೈದ್ಯ ಪದವಿಯ ಬಾಗಿಲು ತೆರೆಯದೆಂಬುದು ಅವಳಿಗೆ ಮೊದಲೇ ತಿಳಿಯಿತು. ಆಮೇಲೆ ತಿಳಿದಿದ್ದರೆ ಏನು ಪ್ರಯೋಜನ?

ದಾರಿ ಒಂದೇ ಅಲ್ಲ. ಎಸ್.ಎಸ್.ಎಲ್.ಸಿ. ನಂತರ 1 ಅಥವಾ 2 ವರ್ಷದ ಐ.ಟಿ.ಐ. ಇದೆ, 3 ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ, ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆಯ 10 ತಿಂಗಳ ತರಬೇತಿ ಇದೆ. ಪಿ.ಯು.ಸಿ. ವಿಜ್ಞಾನದ ನಂತರ 4 ವರ್ಷದ ಬಿ.ಎಸ್‌ಸಿ. ಕೃಷಿ ಪದವಿ ಉಂಟು. ಅದಕ್ಕೆ ಕೃಷಿಕರ ಕೋಟಾದಲ್ಲಿ ಸೇರಬಯಸುವವರು ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಹೊಲದಲ್ಲಿ ಕಂಡು ಕಲಿತದ್ದು ಅಲ್ಲಿ ಕೈ ಹಿಡಿಯುತ್ತದೆ.

‘ನಾವು ಹೆಚ್ಚು ಓದಿದವರಲ್ಲ, ನಮಗೇನು ತಿಳಿಯುತ್ತದೆ’ ಎನ್ನಬೇಡಿ. ಆ ಕೆಲಸ ಮಾಡುತ್ತಿರುವವರನ್ನು ಮೂರು ಪ್ರಶ್ನೆ ಕೇಳಿ: ಕಲಿಯಲು ಎಷ್ಟು ವರ್ಷ ಬೇಕು? ಖರ್ಚೆಷ್ಟು? ಮುಗಿದ ಮೇಲೆ ಕೆಲಸ ಎಲ್ಲಿ ಸಿಗುತ್ತದೆ? ಉತ್ತರವನ್ನು ಮಕ್ಕಳೇ ಬರೆದುಕೊಳ್ಳಲಿ.

ಪ್ರೌಢಶಾಲೆಯ ಮುಂದಿನ ಪೋಷಕರ ಸಭೆಯಲ್ಲಿ ಈ ಮಾತು ಎತ್ತಿ. ವರ್ಷಕ್ಕೆ ನಾಲ್ಕು ದಿನವಾದರೂ ಊರ ಸುತ್ತಲಿನ ದುಡಿಯುವವರನ್ನು ಶಾಲೆಗೆ ಕರೆಸಲಿ, ಮಕ್ಕಳನ್ನು ಅವರ ಕೆಲಸದ ಜಾಗಕ್ಕೂ ಕರೆದೊಯ್ಯಲಿ. ಮೊಳೆಯದ ಬೀಜಕ್ಕೆ ಮರುಬಿತ್ತನೆ ಉಂಟು. ಮಕ್ಕಳ ಕಳೆದುಹೋದ ವರ್ಷಗಳಿಗೆ ಅದಿಲ್ಲ.