ಮೀನಖಂಡದ ನೋವು ಬರಿಯ ದಣಿವಲ್ಲ

ನಾಟಿಯ ದಿನಗಳಲ್ಲಿ ಕೂಲಿಯವರು ಮೀನಖಂಡ ಹಿಡಿದು ಕುಳಿತರೆ ‘ಗದ್ದೆಯ ದಣಿವು’ ಎಂದುಬಿಡುವುದು ಮಲೆನಾಡಿನ ರೂಢಿ. ಈ ರೂಢಿಯೇ ಕೆಲವೊಮ್ಮೆ ಜೀವಕ್ಕೆ ಎರವಾಗುತ್ತದೆ.

ಇಲಿಜ್ವರಕ್ಕೆ ಕಾರಣ ಲೆಪ್ಟೋಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಇಲಿ, ಹೆಗ್ಗಣಗಳಲ್ಲದೆ ದನ, ಹಂದಿ, ನಾಯಿಗಳ ಮೂತ್ರಪಿಂಡದಲ್ಲಿಯೂ ಅದು ನೆಲೆಸಬಲ್ಲದು. ಮೂತ್ರದೊಡನೆ ಹೊರಬಿದ್ದು ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ದಿನವಿಡೀ ನೆನೆದ ಚರ್ಮ, ಬೆರಳಸಂದಿನ ಕೆಸರುಹುಣ್ಣು, ಕತ್ತಿಯ ಗಾಯ ಇವೇ ಅದರ ಬಾಗಿಲುಗಳು.

ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ ಬರುತ್ತದೆ. ರಕ್ತದ ಮೂಲಕ ಹರಡುವ ರೋಗಾಣುವಿನಿಂದ ಸ್ನಾಯುತಂತುಗಳು ಹಾನಿಗೊಂಡು, ಮೀನಖಂಡ ಮತ್ತು ಸೊಂಟ ಮುಟ್ಟಿದರೂ ನೋಯುತ್ತವೆ, ಕಣ್ಣು ಕೆಂಪೇರುತ್ತದೆ. ದಣಿವಿನ ನೋವಿಗೆ ಜ್ವರದ ಜೊತೆಯಿರದು. ಆರಂಭದಲ್ಲಿಯೇ ವೈದ್ಯರ ಬಳಿ ಹೋಗಿ ‘ಕೆಸರಿನಲ್ಲಿ ದುಡಿದಿದ್ದೆ’ ಎಂದು ತಿಳಿಸಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಔಷಧಗಳಿಂದ ಗುಣವಾಗಬಲ್ಲದು. ತಡವಾದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ, ಶ್ವಾಸಕೋಶದ ರಕ್ತಸ್ರಾವ ಕಾದಿರುತ್ತವೆ.

2018ರ ಪ್ರವಾಹದ ನಂತರ ಕೇರಳದಲ್ಲಿ ಇಲಿಜ್ವರ ಹರಡಿದಾಗ, ಕೆಸರು ತೆಗೆಯಲು ಇಳಿದವರಿಗೆ ಮುಂಜಾಗ್ರತೆಯಾಗಿ ಡಾಕ್ಸಿಸೈಕ್ಲಿನ್ ಹಂಚಲಾಯಿತು. ಪ್ರವಾಹಕ್ಕೆ ದೊರೆತ ಆ ಎಚ್ಚರ ಪ್ರತಿ ಮಳೆಗಾಲದ ಗದ್ದೆಗೂ ಅಡಿಕೆ ತೋಟದ ಬಸಿಗಾಲುವೆಗೂ ಏಕೆ ದೊರೆಯಬಾರದು? ಇಲಿಪಾಷಾಣ ಇದಕ್ಕೆ ಉತ್ತರವಲ್ಲ. ಅದು ಇಲಿ ಹಿಡಿಯುವ ಗೂಬೆಯನ್ನೂ ಕೊಲ್ಲಬಲ್ಲದು. ನಾಟಿಗದ್ದೆಯಲ್ಲಿ ಗಂಬೂಟು ಹೂತುಹೋಗುತ್ತದೆಂಬುದು ನಿಜ. ಆದರೆ ತೋಟದಲ್ಲಿ, ಕೊಟ್ಟಿಗೆಯಲ್ಲಿ ಆ ನೆಪ ಸಲ್ಲದು. ಗೊಬ್ಬರಕ್ಕೆ, ಬೋರ್ಡೋ ದ್ರಾವಣಕ್ಕೆ ಲೆಕ್ಕವಿಡುವ ಯಜಮಾನರು ದುಡಿಯುವವರ ಗಂಬೂಟು, ಕೈಗವಸುಗಳನ್ನೂ ಅದೇ ಲೆಕ್ಕದಲ್ಲಿ ಬರೆಯಬೇಕು. ಅದು ದಾನವಲ್ಲ, ಬೇಸಾಯದ ಖರ್ಚು.