ಫ್ಲೋರೈಡ್ ಮಾತ್ರೆಗೆ ಮುನ್ನ ಬಾವಿಯ ನೀರು

ಬಯಲುಸೀಮೆಯಲ್ಲಿ ಫ್ಲೋರೈಡ್ ಎಂಬ ಹೆಸರು ಕೇಳಿದೊಡನೆ ಜನ ಬೆಚ್ಚುವುದುಂಟು. ಪಾವಗಡ, ಮುಂಡರಗಿ, ಕೊಪ್ಪಳಗಳ ಕಡೆಯ ಹಲವು ಹಳ್ಳಿಗಳಲ್ಲಿ ಕೊಳವೆ ಬಾವಿಯ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡಿವೆ. ಅದೇ ಫ್ಲೋರೈಡ್ ಅಲ್ಪ ಪ್ರಮಾಣದಲ್ಲಿ ಹಲ್ಲಿನ ಹೊರಕವಚವನ್ನು ಗಟ್ಟಿಗೊಳಿಸಿ ಹುಳುಕನ್ನು ತಡೆಯುತ್ತದೆಂಬುದೂ ಅಷ್ಟೇ ಸತ್ಯ. ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರವು 1945ರಲ್ಲಿ ಕುಡಿಯುವ ನೀರಿಗೆ ಅದನ್ನು ಬೆರೆಸತೊಡಗಿದ್ದು ಈ ತಿಳಿವಳಿಕೆಯಿಂದಲೇ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸ್ಥಿತಿ ಬೇರೆ. ಇಲ್ಲಿ ಮಳೆ ಧಾರಾಳ. ತೆರೆದ ಬಾವಿಯ ನೀರಾಗಲಿ ಅಬ್ಬಿಯ ನೀರಾಗಲಿ ಆಳದ ಬಂಡೆಗಳ ನಡುವೆ ಬಹುಕಾಲ ನಿಲ್ಲದ ಕಾರಣ ಅದರಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಶಾಲೆಯ ಮಕ್ಕಳಿಗೆ ಫ್ಲೋರೈಡ್ ಮಾತ್ರೆ ಹಂಚಿದರೆ ಉಪಕಾರವಾದೀತೆಂದು ದಾನಿಗಳಿಗೂ ಪರದೇಶದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳಿಗೂ ತೋರುವುದು ಸಹಜ. ಭಾವನೆ ಸ್ತುತ್ಯವೇ, ಕ್ರಮ ಮಾತ್ರ ಅವಸರದ್ದು.

ಮಲೆನಾಡಿನಲ್ಲಿಯೂ ಈಗ ಕೊಳವೆ ಬಾವಿಗಳಿವೆ. ಒಂದೇ ಊರಿನ ಎರಡು ಬಾವಿಗಳ ನೀರು ಒಂದೇ ಬಗೆಯದಾಗಿರಬೇಕೆಂಬ ನಿಯಮವಿಲ್ಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ದೊರೆಯದಲ್ಲಿ ಮಾತ್ರ 1.5ರವರೆಗೆ ವಿನಾಯಿತಿ. ಮಾತ್ರೆಯ ಅಳತೆ ಇನ್ನೂ ಬಿಗಿಯಾದುದು. ಅಮೆರಿಕದ ದಂತವೈದ್ಯ ಸಂಘದ 2010ರ ಸೂಚನೆಯಂತೆ ನೀರಿನಲ್ಲಿ 0.6 ಮಿಲಿಗ್ರಾಂ ಮೀರಿದ್ದರೆ ಮಾತ್ರೆಯೇ ಕೂಡದು. 0.3ಕ್ಕಿಂತ ಕಡಿಮೆಯಿರುವಲ್ಲಿಯೂ ಮೂರರಿಂದ ಆರು ವರ್ಷದೊಳಗಿನ ಮಗುವಿಗೆ ದಿನಕ್ಕೆ ಅರ್ಧ ಮಿಲಿಗ್ರಾಂ ಅಷ್ಟೆ; ಅದೂ ಹುಳುಕಿನ ಅಪಾಯ ಹೆಚ್ಚಿರುವ ಮಗುವಿಗೆ, ವೈದ್ಯರ ಚೀಟಿಯ ಮೇರೆಗೆ. ಸ್ವಾತಂತ್ರ್ಯ ದಿನದ ಪೆಪ್ಪರಮಿಂಟಿನಂತೆ ಹಂಚುವ ವಸ್ತು ಅದಲ್ಲ.

ವಸತಿನಿಲಯಗಳಿಗೆ ಬಯಲುಸೀಮೆಯ ಮಕ್ಕಳೂ ಬರುತ್ತಾರೆಂಬುದನ್ನು ಮರೆಯುವಂತಿಲ್ಲ. ಅವರ ಹಲ್ಲಿನ ಕಲೆ ಹಲ್ಲು ಮೂಡುವ ಮುನ್ನವೇ ಒಳಗೆ ಆದದ್ದು, ಉಜ್ಜಿದರೆ ಹೋಗುವಂಥದಲ್ಲ. ಅಂಥ ಮಗುವನ್ನು ಹಲ್ಲುಜ್ಜದವನೆಂದು ತರಗತಿಯಲ್ಲಿ ಗದರುವ ಉಪಾಧ್ಯಾಯರು ಇದನ್ನು ಅರಿತರೆ ಒಳಿತು.

ನುಂಗುವ ಫ್ಲೋರೈಡಿಗಿಂತ ಹಲ್ಲಿಗೆ ಹಚ್ಚುವ ಫ್ಲೋರೈಡ್ ನಿರಪಾಯಕರ. ಫ್ಲೋರೈಡ್ ಪೇಸ್ಟು ಮೂರು ವರ್ಷದೊಳಗಿನ ಶಿಶುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಸಾಕು. ಅದನ್ನು ಉಗುಳುವುದನ್ನು ಹಿರಿಯರು ಎದುರು ನಿಂತು ಕಲಿಸಬೇಕು. ರಾತ್ರಿ ದೋಸೆಗೆ ಜೋನಿಬೆಲ್ಲ ಹಚ್ಚಿ ತಿಂದು ಹಾಗೆಯೇ ಮಲಗುವ ಮಗುವನ್ನು ಮಾತ್ರೆಯೊಂದೇ ಕಾಪಾಡಲಾರದು.

ದಾನಿಗಳ ಹಣ ಮೊದಲು ವಸತಿನಿಲಯದ ಬಾವಿಯ ನೀರಿನ ಪರೀಕ್ಷೆಗೆ, ಅನಂತರ ವರ್ಷಕ್ಕೊಮ್ಮೆ ಶಾಲೆಗೆ ಬರುವ ದಂತವೈದ್ಯರ ಗೌರವಧನಕ್ಕೆ ಸಲ್ಲಲಿ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಆ ವೈದ್ಯರು ಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದು ಒಂದೊಂದು ಮಗುವನ್ನೂ ನೋಡಿ ಹೇಳಲಿ.